ಕುತ್ತಿಗೆಯ ಗಂಟು ಮತ್ತು ಅಲ್ ಝಹ್ರಾವಿ

ಸಾವಿರ ವರ್ಷಗಳ ಹಿಂದಿನ ಮಾತು. ಮುಸ್ಲಿಂ ಆಳ್ವಿಕೆಯ ಸ್ಪೇನ್‌ನಲ್ಲಿ ಒಬ್ಬ ಹೆಂಗಸಿನ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ನಮ್ಮ ಹಿರಿಯರು ಗಂಡಮಾಲೆ ಎಂದು ಕರೆಯುತ್ತಿದ್ದ ಬಗೆಯ ಗಂಟು ಅದು. ಒಬ್ಬ ವೈದ್ಯ ಬಂದ, ಚೂರಿ ತೆಗೆದ, ಗಂಟನ್ನು ಕೊಯ್ದ. ಗಂಟಿನ ಜೊತೆಗೆ ಕುತ್ತಿಗೆಯ ಅಪಧಮನಿಗಳೂ ಕತ್ತರಿಸಿಹೋದವು. ರಕ್ತ ನಿಲ್ಲಿಸಲು ಅವನಿಂದ ಆಗಲಿಲ್ಲ. ಹೆಂಗಸು ಅವನ ಕಣ್ಣೆದುರೇ ತೀರಿಕೊಂಡಳು.

ಆ ವೈದ್ಯನ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಆದರೆ ಅದೇ ನಾಡಿನ ಇನ್ನೊಬ್ಬ ವೈದ್ಯರು ಈ ಘಟನೆಯನ್ನು ಮರೆಯಲಿಲ್ಲ. ಶಸ್ತ್ರಚಿಕಿತ್ಸೆಯ ಬಗ್ಗೆ ತಾವು ಬರೆದ ಗ್ರಂಥದ ಮುನ್ನುಡಿಯಲ್ಲೇ ಅದನ್ನು ದಾಖಲಿಸಿದರು. ಅವರೇ ಅಬುಲ್ ಖಾಸಿಂ ಖಲಫ್ ಇಬ್ನ್ ಅಬ್ಬಾಸ್ ಅಲ್ ಝಹ್ರಾವಿ. ಯುರೋಪಿನವರ ಬಾಯಲ್ಲಿ ಅಬುಲ್ ಖಾಸಿಂ ಎಂಬುದು ಅಲ್ಬುಕಾಸಿಸ್ ಆಯಿತು. ಅವರನ್ನು ಶಸ್ತ್ರಚಿಕಿತ್ಸೆಯ ಪಿತಾಮಹ ಎನ್ನುವುದುಂಟು. ನಮ್ಮ ದೇಶದಲ್ಲಿ ಸುಶ್ರುತರಿಗೂ ಅದೇ ಬಿರುದು ಇದೆ. ಬಿರುದು ಯಾರಿಗೆ ಸಲ್ಲಬೇಕೆಂಬ ಜಗಳ ನಮಗೆ ಬೇಡ. ಕುತ್ತಿಗೆ ಎಂಬ ಇಕ್ಕಟ್ಟಾದ ಜಾಗದಲ್ಲಿ ಈ ಮನುಷ್ಯರ ಕೈ ಹೇಗೆ ಕೆಲಸ ಮಾಡಿತು ಎಂಬುದನ್ನು ನೋಡಿದರೆ ಅವರ ದೊಡ್ಡತನ ತಾನಾಗಿಯೇ ತಿಳಿಯುತ್ತದೆ.

ಅವರು ಹುಟ್ಟಿದ್ದು ಸುಮಾರು 936ರಲ್ಲಿ. 929ರಲ್ಲಿ ತಮ್ಮನ್ನು ಖಲೀಫರೆಂದು ಘೋಷಿಸಿಕೊಂಡಿದ್ದ ಮೂರನೇ ಅಬ್ದುರ್ರಹ್ಮಾನ್ ಅವರು ಕುರ್ತುಬಾ ನಗರದ ಪಶ್ಚಿಮಕ್ಕೆ, ಬೆಟ್ಟದ ಇಳಿಜಾರಿನಲ್ಲಿ, ಮದೀನತುಝ್ಝಹ್ರಾ ಎಂಬ ಅರಮನೆ ನಗರವನ್ನು ಕಟ್ಟಿಸತೊಡಗಿದ್ದೂ ಅದೇ ಕಾಲದಲ್ಲಿ. ಝಹ್ರಾವಿ ಎಂಬ ಹೆಸರು ಆ ಊರಿನಿಂದಲೇ ಬಂದದ್ದು. ಮದೀನಾದಲ್ಲಿ ಪ್ರವಾದಿಯವರಿಗೆ ಆಶ್ರಯ ನೀಡಿದ ಅನ್ಸಾರರ ವಂಶದವರೆಂದು ಅವರನ್ನು ಅನ್ಸಾರಿ ಎಂದೂ ಕರೆಯುತ್ತಾರೆ. ಅಬ್ದುರ್ರಹ್ಮಾನರ ಮಗ ಎರಡನೇ ಹಕಮ್ ಪುಸ್ತಕಪ್ರೇಮಿ. ದೂರದ ಬಗ್ದಾದ್, ದಮಸ್ಕಸ್, ಕೈರೊ ನಗರಗಳಿಂದ ಗ್ರಂಥಗಳನ್ನು ತರಿಸಿ ಕುರ್ತುಬಾದಲ್ಲಿ ದೊಡ್ಡ ಗ್ರಂಥಾಲಯ ಮಾಡಿದರು. ಗ್ರೀಕ್ ವೈದ್ಯರಾದ ಹಿಪ್ಪೊಕ್ರಾಟಿಸ್, ಗ್ಯಾಲನ್, ಪೌಲ್ ಮೊದಲಾದವರ ಬರಹಗಳು ಅರಬ್ಬಿಯಲ್ಲಿ ಓದಲು ಸಿಗುತ್ತಿದ್ದ ಕಾಲ ಅದು. ಝಹ್ರಾವಿ ಬೆಳೆದದ್ದು ಈ ವಾತಾವರಣದಲ್ಲಿ.

ತಮ್ಮ ಬಗ್ಗೆ ಅವರು ಹೆಚ್ಚೇನೂ ಬರೆದುಕೊಳ್ಳಲಿಲ್ಲ. ಬರೆದದ್ದೆಲ್ಲ ರೋಗಿಗಳ ಬಗ್ಗೆ. ಸುಮಾರು ಐವತ್ತು ವರ್ಷ ವೈದ್ಯ ವೃತ್ತಿ ಮಾಡಿ, ಕ್ರಿ.ಶ. 1000ದ ಹೊತ್ತಿಗೆ ಮುಗಿಸಿದ ಅವರ ಗ್ರಂಥದ ಹೆಸರು ಚಿಕ್ಕದಾಗಿ ಅತ್ತಸ್ರೀಫ್. ಒಟ್ಟು 30 ಭಾಗಗಳು. ಹೆಚ್ಚಿನವು ರೋಗ, ಔಷಧಿ, ಆಹಾರಗಳಿಗೆ ಸಂಬಂಧಿಸಿದವು. ಕೊನೆಯ ಭಾಗ ಮಾತ್ರ ಶಸ್ತ್ರಚಿಕಿತ್ಸೆಯದು. ಅದರಲ್ಲಿ ಮತ್ತೆ ಮೂರು ಖಂಡಗಳು: ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದು, ಕೊಯ್ಯುವುದು ಮತ್ತು ಹೊಲಿಯುವುದು, ಮುರಿದ ಮೂಳೆ ಕೂಡಿಸುವುದು. ಸುಮಾರು 200 ಉಪಕರಣಗಳ ಚಿತ್ರಗಳನ್ನೂ ಬರೆದು ತೋರಿಸಿದ್ದಾರೆ. ಅವೆಲ್ಲವನ್ನೂ ಅವರೇ ಕಂಡುಹಿಡಿದರು ಎಂದು ನಮ್ಮಲ್ಲಿ ಕೆಲವರು ಭಾಷಣಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅವರು ಹಾಗೆ ಹೇಳಿಕೊಂಡಿಲ್ಲ. ಏಳನೇ ಶತಮಾನದ ಪೌಲ್‌ನಿಂದ ಬಹಳಷ್ಟು ತೆಗೆದುಕೊಂಡಿದ್ದಾರೆ. ಓದಿದ್ದನ್ನು ತಮ್ಮ ಕೈಯಿಂದ ಮಾಡಿ ನೋಡಿ, ಯಾವುದು ನಡೆಯುತ್ತದೆ, ಯಾವುದು ಜೀವ ತೆಗೆಯುತ್ತದೆ ಎಂದು ಬೇರ್ಪಡಿಸಿದ್ದು ಅವರ ಹೆಚ್ಚುಗಾರಿಕೆ.

ಈ ಕೊನೆಯ ಭಾಗವನ್ನು ಬರೆಯಲು ಅವರಿಗೆ ಕಾರಣವಿತ್ತು. ತಮ್ಮ ನಾಡಿನಲ್ಲಿ ಕೈಯಿಂದ ಮಾಡುವ ವೈದ್ಯ ಬಹುತೇಕ ನಶಿಸಿದೆ, ಹಳೆಯ ಪುಸ್ತಕಗಳಲ್ಲಿ ಅಲ್ಪಸ್ವಲ್ಪ ಉಳಿದದ್ದೂ ನಕಲು ಮಾಡುವವರ ತಪ್ಪುಗಳಿಂದ ಕೆಟ್ಟುಹೋಗಿದೆ ಎಂಬುದು ಅವರ ಕೊರಗಾಗಿತ್ತು. ಯಾಕೆ ಹೀಗಾಯಿತು ಎಂದು ಕೇಳಿಕೊಂಡು ಅವರು ಕೊಡುವ ಉತ್ತರ ನೇರವಾದದ್ದು. ಈ ವಿದ್ಯೆಗೆ ದೀರ್ಘಕಾಲ ಬೇಕು. ಚೂರಿ ಹಿಡಿಯುವವನು ಮೊದಲು ದೇಹರಚನೆಯನ್ನು ಕಲಿಯಬೇಕು. ಅಂಗಗಳ ಆಕಾರ ಮತ್ತು ಕೆಲಸ, ಅವು ಒಂದಕ್ಕೊಂದು ಕೂಡುವ ಬಗೆ, ಮೂಳೆಗಳು, ನರಗಳು, ಸ್ನಾಯುಗಳು ಮತ್ತು ಅವುಗಳ ಸಂಖ್ಯೆ, ರಕ್ತನಾಳಗಳು ಎಲ್ಲಿಂದ ಹೊರಟು ಎಲ್ಲಿ ಹಾದುಹೋಗುತ್ತವೆ ಎಂಬುದು, ಇಷ್ಟೂ ತಿಳಿದಿರಬೇಕು. ಇದನ್ನು ಕಲಿಯದವನ ಕೈಯಲ್ಲಿ ಏನಾಗುತ್ತದೆ ಎಂದು ತೋರಿಸಲಿಕ್ಕೇ ಆ ಹೆಂಗಸಿನ ಪ್ರಕರಣವನ್ನು ಅವರು ಮುಂದಿಟ್ಟದ್ದು.

ಕುತ್ತಿಗೆಯ ಉದಾಹರಣೆಯೇ ಮೊದಲು ಬಂದದ್ದು ಯಾಕಿರಬಹುದು? ನಿಮ್ಮ ಕುತ್ತಿಗೆಯನ್ನೇ ಮುಟ್ಟಿ ನೋಡಿ. ಮುಖವನ್ನು ಎಡಗಡೆಗೆ ತಿರುಗಿಸಿದರೆ ಬಲಗಡೆಯಲ್ಲಿ, ಕಿವಿಯ ಹಿಂಬದಿಯಿಂದ ಎದೆಯ ನಡುವಿಗೆ ಇಳಿಯುವ ಹುರಿಯಂಥ ಸ್ನಾಯು ಎದ್ದು ಕಾಣುತ್ತದೆ. ಅದು ಸ್ಟರ್ನೊಕ್ಲೈಡೊಮಾಸ್ಟಾಯ್ಡ್. ಹೆಸರು ಉದ್ದವಾದರೂ ಅರ್ಥ ಸುಲಭ. ಎದೆಮೂಳೆ, ಕಾಲರ್ ಮೂಳೆ, ಕಿವಿಯ ಹಿಂದಿನ ಮೂಳೆಯ ಉಬ್ಬು, ಈ ಮೂರಕ್ಕೂ ಅಂಟಿಕೊಂಡಿರುವುದು ಎಂದಷ್ಟೆ. ಅದರ ಮರೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ, ಮಿದುಳಿನಿಂದ ರಕ್ತ ಇಳಿಸುವ ಜುಗುಲರ್ ಅಭಿಧಮನಿ, ಅವೆರಡರ ನಡುವೆ ವೇಗಸ್ ನರ ಸಾಗುತ್ತವೆ. ನಡುವಿನಲ್ಲಿ ಶ್ವಾಸನಾಳ, ಅದರ ಹಿಂದೆ ಅನ್ನನಾಳ, ಇವೆರಡರ ಸಂದಿನಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ದಾರದಂಥ ನರ. ದೇಹದಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಜೀವಾಳದ ವಸ್ತುಗಳು ಒತ್ತೊತ್ತಾಗಿ ಇರುವ ಕಡೆಗಳು ಕಡಿಮೆ.

ಆ ನರದ ಬಗ್ಗೆ ಒಂದು ಹಳೆಯ ಕಥೆ ಗ್ಯಾಲನ್‌ನ ಬರಹದಲ್ಲಿದೆ. ಒಬ್ಬ ಹುಡುಗನ ಕುತ್ತಿಗೆಯ ಗಂಡಮಾಲೆ ತೆಗೆಯುವಾಗ ರಕ್ತನಾಳ ಕತ್ತರಿಸುವ ಭಯದಿಂದ ವೈದ್ಯನೊಬ್ಬ ಚೂರಿ ಬಿಟ್ಟು ಉಗುರಿನಿಂದ ಗಂಟನ್ನು ಕಿತ್ತ. ರಕ್ತನಾಳ ಉಳಿಯಿತು, ಧ್ವನಿಯ ನರ ಹರಿಯಿತು. ಹುಡುಗ ಮಾತು ಕಳೆದುಕೊಂಡ. ಒಂದನ್ನು ಉಳಿಸಲು ಹೋದರೆ ಇನ್ನೊಂದಕ್ಕೆ ಪೆಟ್ಟು, ಕುತ್ತಿಗೆಯ ಕೆಲಸ ಅಂಥದ್ದು.

ಗಂಡಮಾಲೆಯ ಅಧ್ಯಾಯದಲ್ಲಿ ಝಹ್ರಾವಿ ಹೇಳುವ ಕ್ರಮವನ್ನು ನಿಧಾನವಾಗಿ ಓದಬೇಕು. ಮೊದಲು ಬೆರಳಿನಿಂದ ಪರೀಕ್ಷೆ. ಗಂಟಿನ ಮೇಲಿನ ಬಣ್ಣ ಸುತ್ತಲಿನ ಚರ್ಮದಂತೆಯೇ ಇದೆಯೇ? ಎಲ್ಲ ದಿಕ್ಕಿಗೂ ಅಲುಗಾಡುತ್ತದೆಯೇ? ನರಕ್ಕೋ ರಕ್ತನಾಳಕ್ಕೋ ಅಂಟಿಕೊಂಡಿದೆಯೇ? ಸಲೀಸಾಗಿ ಅಲುಗಾಡುವ ಗಂಟಿಗೆ ಮಾತ್ರ ಚೂರಿ. ಚರ್ಮವನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಕೊಯ್ದು, ಅಂಚುಗಳನ್ನು ಕೊಕ್ಕೆಗಳಿಂದ ಹಿಡಿದೆಳೆದು, ಗಂಟನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು. ಆಮೇಲೆ ಬರುವ ಮಾತು ಮೊದಲ ಓದಿಗೆ ವಿಚಿತ್ರ ಎನಿಸುತ್ತದೆ. ಈ ಕೆಲಸಕ್ಕೆ ಚೂರಿ ಬಹಳ ಹರಿತವಾಗಿರಬಾರದಂತೆ! ಅರಿವಳಿಕೆ ಇಲ್ಲದ ಕಾಲ. ರೋಗಿ ನೋವಿಗೆ ಒಮ್ಮೆ ಕೊಸರಾಡಿದರೆ ಸಾಕು, ಹರಿತವಾದ ಅಲಗು ತಾಗಬಾರದ್ದಕ್ಕೆ ತಾಗುತ್ತದೆ. ಗಂಟಿನ ಬುಡದಲ್ಲಿ ದೊಡ್ಡ ರಕ್ತನಾಳವಿದ್ದರೆ ಬುಡ ಕತ್ತರಿಸಲೇ ಬಾರದು. ಗಟ್ಟಿ ದಾರವನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ಅದು ತಾನಾಗಿಯೇ ಕಳಚಿ ಬೀಳಲು ಬಿಡಬೇಕು. ರಕ್ತನಾಳವನ್ನು ದಾರದಿಂದ ಕಟ್ಟುವ ಉಪಾಯ ಅವರ ಗ್ರಂಥದಲ್ಲಿ ಬೇರೆ ಕಡೆಯೂ ಬರುತ್ತದೆ.

ಗಳಗಂಡದ ವಿಷಯದಲ್ಲಿ ಅವರು ಇನ್ನೂ ಬಿಗಿ. ಥೈರಾಯ್ಡ್ ಊದಿಕೊಂಡು ಕುತ್ತಿಗೆ ಮುಂದೆ ಜೋತುಬೀಳುವುದನ್ನು ಅರಬ್ಬಿ ವೈದ್ಯರು ಗಂಟಲಿನ ಆನೆ ಎಂದು ಕರೆಯುತ್ತಿದ್ದರು. ಹೆಂಗಸರಲ್ಲಿ ಅದು ಹೆಚ್ಚು ಎಂದು ಝಹ್ರಾವಿ ಗಮನಿಸಿದ್ದರು, ಇಂದಿನ ವೈದ್ಯರೂ ಅದನ್ನೇ ಹೇಳುತ್ತಾರೆ. ಹುಟ್ಟಿನಿಂದ ಬಂದದ್ದಕ್ಕೆ ಕೈ ಹಚ್ಚಬಾರದು. ಆಮೇಲೆ ಬಂದದ್ದರಲ್ಲಿ ಎರಡು ಬಗೆ. ಒಂದು ಕೊಬ್ಬಿನ ಗಂಟಿನಂಥದ್ದು, ಇನ್ನೊಂದು ಅಪಧಮನಿ ಉಬ್ಬಿದಂಥದ್ದು. ಎರಡನೆಯದಕ್ಕೆ ಚೂರಿ ತಾಗಿಸಿದರೆ ಸಾವೇ ಗತಿ. ಯಾವುದು ಯಾವುದೆಂದು ತಿಳಿಯಲು ಸೂಜಿಯಂಥ ಒಂದು ಉಪಕರಣವನ್ನು ಚುಚ್ಚಿ ನೋಡಬೇಕು. ಅದರ ಚಿತ್ರವನ್ನೂ ಕೊಟ್ಟಿದ್ದಾರೆ. ಈಗ ಆಸ್ಪತ್ರೆಗಳಲ್ಲಿ ಥೈರಾಯ್ಡ್ ಗಂಟಿಗೆ ಸಣ್ಣ ಸೂಜಿ ಚುಚ್ಚಿ ಜೀವಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರಡೂ ಒಂದೇ ಎನ್ನಲಾಗದು, ಅವರ ಬಳಿ ಸೂಕ್ಷ್ಮದರ್ಶಕ ಇರಲಿಲ್ಲ. ಆದರೂ ಕೊಯ್ಯುವ ಮೊದಲು ಒಳಗೇನಿದೆ ಎಂದು ಕೇಳಿಕೊಳ್ಳುವ ಕ್ರಮ ಅಲ್ಲಿ ಇತ್ತು.

ಇಲ್ಲಿ ಸ್ನಾಯುಗಳ ಸಂಖ್ಯೆಯ ಮಾತಿಗೆ ಮರಳಬೇಕು. ಸಂಖ್ಯೆಯನ್ನು ತಿಳಿದಿರಬೇಕು ಎಂದು ಝಹ್ರಾವಿ ಬರೆದರು. ಆದರೆ ಆ ಸಂಖ್ಯೆ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ! ನಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿರುವ ಚಿತ್ರ ಹೆಚ್ಚಿನವರ ಚಿತ್ರ, ಎಲ್ಲರದ್ದಲ್ಲ. ಸ್ಟರ್ನೊಕ್ಲೈಡೊಮಾಸ್ಟಾಯ್ಡ್‌ಗೆ ಕೆಳಗಡೆ ಸಾಮಾನ್ಯವಾಗಿ ಎರಡು ಕವಲು, ಅವುಗಳ ನಡುವೆ ಸಣ್ಣ ತ್ರಿಕೋನ ಗುಳಿ. ತೀವ್ರ ನಿಗಾ ಘಟಕದಲ್ಲಿ ರೋಗಿಯ ಜುಗುಲರ್ ಅಭಿಧಮನಿಗೆ ನಳಿಕೆ ಹಾಕುವಾಗ ವೈದ್ಯರು ಆ ಗುಳಿಯನ್ನೇ ಗುರುತಾಗಿ ಹಿಡಿಯುವುದುಂಟು. ಕೆಲವರಲ್ಲಿ ಕಾಲರ್ ಮೂಳೆಯ ಕಡೆಯ ಕವಲು ಮತ್ತೆ ಎರಡಾಗಿ, ಮೂರಾಗಿ ಒಡೆದಿರುತ್ತದೆ. ಗುಳಿ ಕಿರಿದಾಗುತ್ತದೆ, ಗುರುತು ತಪ್ಪುತ್ತದೆ. ಒಮೊಹಯಾಯ್ಡ್ ಎಂಬ ಇನ್ನೊಂದು ತೆಳು ಸ್ನಾಯು ಹೆಗಲ ಹಲಗೆಯಿಂದ ಹೊರಟು ನಾಲಿಗೆಯ ಬುಡದ ಮೂಳೆಗೆ ಸೇರುತ್ತದೆ. ಅದರ ನಡುವಿನ ಸ್ನಾಯುರಜ್ಜು ಜುಗುಲರ್ ಅಭಿಧಮನಿಯ ಮೇಲೆಯೇ ಹಾದುಹೋಗುವುದರಿಂದ ಕುತ್ತಿಗೆಯ ಕ್ಯಾನ್ಸರ್ ಗಂಟುಗಳನ್ನು ತೆಗೆಯುವ ಸರ್ಜನ್‌ಗೆ ಅದು ದಾರಿ ತೋರಿಸುವ ಕೈಮರದ ಹಾಗೆ. ಕೆಲವರಲ್ಲಿ ಅದು ಇರುವುದೇ ಇಲ್ಲ, ಕೆಲವರಲ್ಲಿ ಎರಡಿರುತ್ತವೆ, ಇನ್ನು ಕೆಲವರಲ್ಲಿ ಹೆಗಲ ಹಲಗೆಯ ಬದಲು ಕಾಲರ್ ಮೂಳೆಯಿಂದ ಹೊರಡುತ್ತದೆ. ಕೈಮರವನ್ನೇ ನಂಬಿ ನಡೆದವನು ಅಭಿಧಮನಿಯ ಮೇಲೆ ಬಂದು ನಿಂತಿರುತ್ತಾನೆ.

ಎಲ್ಲಕ್ಕಿಂತ ಕುತೂಹಲದ್ದು ಲಿವೇಟರ್ ಕ್ಲಾವಿಕ್ಯುಲೆ ಎಂಬ ಸ್ನಾಯು. ಕುತ್ತಿಗೆಯ ಮೇಲಿನ ಕಶೇರುಮಣಿಗಳಿಂದ ಕಾಲರ್ ಮೂಳೆಗೆ ಇಳಿಯುವ ಇದು ಮಂಗಗಳಲ್ಲಿ ಸಾಮಾನ್ಯ. ಮನುಷ್ಯರಲ್ಲಿ ಅಪರೂಪ, ನೂರರಲ್ಲಿ ಒಬ್ಬಿಬ್ಬರಲ್ಲಿ ಅಥವಾ ಮೂವರಲ್ಲಿ ಕಾಣಿಸಬಹುದು. ಇರುವವನಿಗೆ ಇದರಿಂದ ಏನೂ ತೊಂದರೆ ಇಲ್ಲ, ಇದೆ ಎಂದೂ ಗೊತ್ತಿರುವುದಿಲ್ಲ. ತೊಂದರೆ ಬರುವುದು ಸ್ಕ್ಯಾನ್ ಮಾಡಿಸಿದಾಗ. ಕುತ್ತಿಗೆಯನ್ನು ಅಡ್ಡಲಾಗಿ ಸೀಳಿದಂತೆ ತೋರಿಸುವ ಸಿ.ಟಿ. ಚಿತ್ರದಲ್ಲಿ ಈ ಸ್ನಾಯು ಒಂದು ಗುಂಡನೆಯ ಚುಕ್ಕೆಯಾಗಿ ಕಾಣುತ್ತದೆ. ಊದಿಕೊಂಡ ದುಗ್ಧಗ್ರಂಥಿಯೂ ಹಾಗೆಯೇ ಕಾಣುತ್ತದೆ. ಮೇಲಿನ ಕೆಳಗಿನ ಚಿತ್ರಗಳನ್ನು ಒಂದರ ನಂತರ ಒಂದಾಗಿ ನೋಡದೆ ಅವಸರ ಮಾಡಿದರೆ ಇಲ್ಲದ ಗಂಟಿಗೆ ಚೂರಿ ಹಿಡಿಯಬೇಕಾಗುತ್ತದೆ.

ಗ್ಯಾಲನ್ ಕಾಲದ ರೋಮ್‌ನಲ್ಲಿ ಮನುಷ್ಯರ ಶವ ಸೀಳಿ ಕಲಿಯುವ ಅವಕಾಶ ಇರಲಿಲ್ಲ. ಅವನು ಉತ್ತರ ಆಫ್ರಿಕಾದ ಮಂಗಗಳನ್ನು, ಹಂದಿಗಳನ್ನು ಸೀಳಿ ಕಲಿತದ್ದನ್ನು ಮನುಷ್ಯನ ಬಗ್ಗೆ ಬರೆದ. ಮನುಷ್ಯ ಶವಗಳನ್ನೇ ಸೀಳಿ ವೆಸೇಲಿಯಸ್ ಆ ತಪ್ಪುಗಳನ್ನು ತೋರಿಸಿಕೊಟ್ಟದ್ದು 1543ರಲ್ಲಿ. ಅಂದರೆ ಝಹ್ರಾವಿ ಕೈಯಲ್ಲಿದ್ದ ನಕ್ಷೆಯಲ್ಲಿ ಮಂಗನ ಅಂಶ ಬೆರೆತಿತ್ತು. ವ್ಯತ್ಯಾಸಗಳ ಪಟ್ಟಿಯಂತೂ ಅವರ ಕಾಲಕ್ಕೆ ಇರಲೇ ಇಲ್ಲ. ಅಂಥ ನಕ್ಷೆ ಹಿಡಿದು ಅವರು ಕುತ್ತಿಗೆಯಲ್ಲಿ ಹೇಗೆ ಕೆಲಸ ಮಾಡಿದರು? ಬೆರಳಿಗೆ ತಾಗುವುದನ್ನು ನಂಬಿ, ನಿಧಾನವಾಗಿ, ಸಂಶಯ ಬಂದಲ್ಲಿ ನಿಲ್ಲಿಸಿ. ನನ್ನ ಮಟ್ಟಿಗೆ ಅವರ ಉಪಕರಣಗಳ ಚಿತ್ರಗಳಿಗಿಂತ ಇದು ದೊಡ್ಡದು.

ಹೀಗೆಂದು ಅವರು ಹೆದರುಪುಕ್ಕಲರಲ್ಲ. ಒಬ್ಬ ಕ್ರೈಸ್ತನ ಗಂಟಲಿಗೆ ಬಾಣ ನಾಟಿತ್ತು. ಅದು ಅರಬರ ಬಾಣ, ಹಿಂದಕ್ಕೆಳೆದರೆ ಮಾಂಸ ಕಿತ್ತುಬರುವಂಥ ಮುಳ್ಳುಗಳಿದ್ದವು. ಜುಗುಲರ್ ಅಭಿಧಮನಿಗಳ ನಡುವಿನಲ್ಲಿ ಕೊಯ್ದು, ಆಳಕ್ಕಿಳಿದಿದ್ದ ಬಾಣವನ್ನು ಜಾಗರೂಕತೆಯಿಂದ ಬಿಡಿಸಿ ಝಹ್ರಾವಿ ಹೊರತೆಗೆದರು. ಆ ಮನುಷ್ಯ ಬದುಕಿದ. ಬಾಣ ಯಾರದ್ದು, ಗಂಟಲು ಯಾರದ್ದು ಎಂಬ ಲೆಕ್ಕ ಅವರ ಬರಹದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆಯುವುದಿಲ್ಲ.

ಇನ್ನೊಂದು ಪ್ರಕರಣ ಇದಕ್ಕಿಂತ ಮುಖ್ಯ. ಉಸಿರುಗಟ್ಟಿದ ರೋಗಿಯ ಶ್ವಾಸನಾಳವನ್ನು ಹೊರಗಿನಿಂದ ತೆರೆಯುವ ಚಿಕಿತ್ಸೆಯನ್ನು ಪ್ರಾಚೀನರು ಬರೆದಿದ್ದರು. ತಮ್ಮ ನಾಡಿನಲ್ಲಿ ಯಾರೂ ಅದನ್ನು ಮಾಡಿದ್ದನ್ನು ಝಹ್ರಾವಿ ಕಂಡಿರಲಿಲ್ಲ, ಅದನ್ನು ಮರೆಮಾಚಲೂ ಇಲ್ಲ. ಕೊಯ್ದ ಶ್ವಾಸನಾಳ ಮತ್ತೆ ಕೂಡುವುದಿಲ್ಲ ಎಂಬ ಭಯ ಜನರಲ್ಲಿತ್ತು. ಒಂದು ದಿನ ಅವರಿಗೆ ಕರೆ ಬಂತು. ಒಬ್ಬ ದಾಸಿ ಹುಡುಗಿ ತನ್ನ ಗಂಟಲಿಗೆ ತಾನೇ ಚೂರಿ ಹಾಕಿಕೊಂಡಿದ್ದಳು. ಅವರು ಹೋಗುವಾಗ ಅವಳು ಕೊಯ್ದ ಪ್ರಾಣಿಯಂತೆ ಕೂಗುತ್ತಿದ್ದಳು. ಅವರು ಗಾಯ ತೆರೆದು ನೋಡಿದರು. ರಕ್ತ ಹೆಚ್ಚು ಹೋಗಿರಲಿಲ್ಲ. ಅಪಧಮನಿಯಾಗಲಿ ಜುಗುಲರ್ ಆಗಲಿ ಕತ್ತರಿಸಿರಲಿಲ್ಲ. ಗಾಯದಿಂದ ಗಾಳಿ ಹೊರಬರುತ್ತಿತ್ತು, ಶ್ವಾಸನಾಳದ ಒಂದು ಭಾಗ ತೆರೆದಿತ್ತು. ಬೇಗನೆ ಹೊಲಿದು ಔಷಧಿ ಹಚ್ಚಿದರು. ಗಾಯ ಕೂಡಿತು, ಹುಡುಗಿ ಗುಣವಾದಳು. ದನಿ ಮಾತ್ರ ಸ್ವಲ್ಪ ಒಡೆದಂತೆ ಉಳಿಯಿತು. ಇದನ್ನು ಕಂಡ ಮೇಲೆಯೇ ಅವರು ಶ್ವಾಸನಾಳ ತೆರೆಯುವುದರಲ್ಲಿ ಜೀವಭಯವಿಲ್ಲ ಎಂದು ಬರೆದದ್ದು. ತಾವು ಮಾಡಿರದ ಶಸ್ತ್ರಚಿಕಿತ್ಸೆಯನ್ನು ಮಾಡಿದೆ ಎಂದು ಹೇಳಿಕೊಳ್ಳದೆ, ಒಂದು ಗಾಯವನ್ನು ನೋಡಿ ತಿಳಿದದ್ದನ್ನಷ್ಟೇ ಹೇಳಿದರು. ಶ್ವಾಸನಾಳ ತೆರೆಯುವ ಶಸ್ತ್ರಚಿಕಿತ್ಸೆ ಮೊದಲು ಮಾಡಿದವರು ಅವರೇ ಎಂದು ಈಗ ಬರೆಯುವವರು ಈ ಪುಟವನ್ನು ಓದಿರಲಾರರು.

ಆಗದು ಎಂದು ಹೇಳುವುದನ್ನೂ ಅವರು ಕಲಿಸಿದರು. ತೀರಾ ವಯಸ್ಸಾದ ಒಬ್ಬರ ಮೂತ್ರಕೋಶದಲ್ಲಿ ದೊಡ್ಡ ಕಲ್ಲಿತ್ತು. ಕಲ್ಲಿನ ಗಾತ್ರ, ರೋಗಿಯ ಸ್ಥಿತಿ ನೋಡಿ ಝಹ್ರಾವಿ ಒಲ್ಲೆ ಎಂದರು. ಇನ್ನೊಬ್ಬ ವೈದ್ಯ ಒಪ್ಪಿಕೊಂಡು ಕಲ್ಲಿನ ಜೊತೆ ಮೂತ್ರಕೋಶದ ತುಂಡನ್ನೂ ಹೊರತೆಗೆದ. ಮೂರನೇ ದಿನದ ಹೊತ್ತಿಗೆ ರೋಗಿ ತೀರಿಹೋದರು. ಈ ಪ್ರಕರಣವೂ ಮುನ್ನುಡಿಯಲ್ಲಿದೆ. ಓದುವ ವಿದ್ಯಾರ್ಥಿಗಳನ್ನು ಅವರು ಮಕ್ಕಳೇ ಎಂದು ಕರೆಯುತ್ತಾರೆ. ಹಣದಾಸೆ, ಹೆಸರಿನಾಸೆ ಬಂದಾಗ ಅಲ್ಲಾಹನನ್ನು ನೆನೆಯಬೇಕು, ಅಪಾಯ ತಿಳಿಯದ ಕೆಲಸಕ್ಕೆ ಕೈ ಹಾಕಬಾರದು ಎನ್ನುತ್ತಾರೆ.

ಅವರ ಕೊನೆಯ ವರ್ಷಗಳು ಕಷ್ಟದ ವರ್ಷಗಳು. ಕುರ್ತುಬಾದಲ್ಲಿ ಅಂತಃಕಲಹ ಎದ್ದು, 1010ರಲ್ಲಿ ಮದೀನತುಝ್ಝಹ್ರಾ ಲೂಟಿಯಾಯಿತು. 1013ರಲ್ಲಿ ಕುರ್ತುಬಾವೂ ಸೂರೆಹೋಯಿತು. ಝಹ್ರಾವಿ ತೀರಿಕೊಂಡದ್ದೂ ಸುಮಾರು ಅದೇ ವರ್ಷ, ಹಿಜರಿ 404ರ ಹೊತ್ತಿಗೆ. ಅವರಿಗೆ ಹೆಸರು ಕೊಟ್ಟ ಊರು ಮಣ್ಣಿನಡಿ ಸೇರಿತು. ಅದನ್ನು ಅಗೆದು ತೆಗೆಯುವ ಕೆಲಸ 1911ರಲ್ಲಿ ಆರಂಭವಾಯಿತು, ಇಂದಿಗೂ ಬಹುಭಾಗ ನೆಲದೊಳಗೇ ಇದೆ.

ಪುಸ್ತಕ ಮಾತ್ರ ಊರು ಬಿಟ್ಟು ಹೊರಟಿತ್ತು. ಹನ್ನೆರಡನೇ ಶತಮಾನದಲ್ಲಿ ಟೊಲೆಡೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್‌ಗೆ ಅನುವಾದಿಸಿದ. ಹದಿನಾಲ್ಕನೇ ಶತಮಾನದ ಫ್ರಾನ್ಸ್‌ನ ಹೆಸರಾಂತ ಸರ್ಜನ್ ಗೀ ದ ಶೊಲಿಯಾಕ್ ತನ್ನ ಗ್ರಂಥದಲ್ಲಿ ಝಹ್ರಾವಿಯನ್ನು ಮತ್ತೆ ಮತ್ತೆ ಹೆಸರಿಸುತ್ತಾನೆ. 1465ರಲ್ಲಿ ತುರ್ಕಿಯ ಶರಫುದ್ದೀನ್ ಸಬುಂಜುಒಗ್ಲು ಅದನ್ನು ಆಧರಿಸಿ ತುರ್ಕಿ ಭಾಷೆಯಲ್ಲಿ ಗ್ರಂಥ ಬರೆದು, ರೋಗಿಯೂ ವೈದ್ಯನೂ ಇರುವ ಬಣ್ಣದ ಚಿತ್ರಗಳನ್ನು ಸೇರಿಸಿದರು. 1497ರಲ್ಲಿ ವೆನಿಸ್‌ನಲ್ಲಿ ಲ್ಯಾಟಿನ್ ಅನುವಾದ ಅಚ್ಚಾಯಿತು. 1778ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಚಾನಿಂಗ್ ಅರಬ್ಬಿ ಮೂಲವನ್ನು ಲ್ಯಾಟಿನ್ ಜೊತೆಗೆ ಮುದ್ರಿಸಿದ. ಅದರ ಮುನ್ನುಡಿಯಲ್ಲಿ, ಅಂಗರಚನೆಯ ಮಾತು ಮುಗಿದ ಕೂಡಲೇ, ಕುತ್ತಿಗೆಯಲ್ಲಿ ಗಂಟು ಎದ್ದಿದ್ದ ಆ ಹೆಂಗಸು ಬರುತ್ತಾಳೆ.